ಜಾವಾಸ್ಕ್ರಿಪ್ಟ್: ಒಂದರೊಳಗೊಂದು ಫಾರ್‌ಈಚ್ ಇದ್ದಾಗ ಉತ್ತರವನ್ನು ಹೊರತರುವ ಬಗೆ

ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಹೊರಡುವ ಬಸ್ಸುಗಳ ಮಾಹಿತಿಯನ್ನು ಒಂದು ಅರೇಯಲ್ಲಿ (ಸಾಲಾಗಿ ಜೋಡಿಸಿದ ಪಟ್ಟಿಯಲ್ಲಿ) ಇಟ್ಟಿದ್ದೇವೆ ಎಂದುಕೊಳ್ಳಿ. ಅದರ ಒಂದೊಂದು ಅಂಶವೂ ಒಂದು ಮಾರ್ಗ. ಪ್ರತಿ ಮಾರ್ಗದೊಳಗೂ ನಿಲುಗಡೆಗಳ ಇನ್ನೊಂದು ಅರೇ ಇದೆ. ಉಡುಪಿ ಮಾರ್ಗದಲ್ಲಿ ಸುರತ್ಕಲ್, ಮೂಲ್ಕಿ, ಪಡುಬಿದ್ರಿ, ಕಾಪು, ಕಟಪಾಡಿ ಬರುತ್ತವೆ. ‘ಪಡುಬಿದ್ರಿ’ ಎಂದು ಕೊಟ್ಟರೆ ಆ ನಿಲುಗಡೆಯ ವಿವರವನ್ನು ಹಿಂದಿರುಗಿಸುವ ಫಂಕ್ಷನ್ ನಮಗೆ ಬೇಕು. ಮಾರ್ಗಗಳ ಮೇಲೊಂದು, ನಿಲುಗಡೆಗಳ ಮೇಲೊಂದು ಫಾರ್‌ಈಚ್ (forEach, ಅರೇಯ ಪ್ರತಿ ಅಂಶಕ್ಕೂ ನಾವು ಕೊಟ್ಟ ಫಂಕ್ಷನ್ ಓಡಿಸುವ ಲೂಪ್) ಹಾಕಿ, ಹೆಸರು ಹೊಂದಿದ ಕೂಡಲೇ ರಿಟರ್ನ್ ಬರೆಯುತ್ತೇವೆ. ಆದರೆ ಫಂಕ್ಷನ್ ಕರೆದವರಿಗೆ ಸಿಗುವುದು ಅನ್‌ಡಿಫೈನ್ಡ್, ಅಂದರೆ ಮೌಲ್ಯವೇ ಇಲ್ಲ ಎಂಬ ಸೂಚನೆ.

ರಿಟರ್ನ್ ಎಂಬುದು ತನ್ನನ್ನು ಸುತ್ತಿರುವ ಅತಿ ಸಮೀಪದ ಫಂಕ್ಷನ್ನಿನಿಂದಷ್ಟೇ ಹೊರಬರುತ್ತದೆ, ಮತ್ತು ಇಲ್ಲಿ ಆ ಸಮೀಪದ ಫಂಕ್ಷನ್ ಎಂದರೆ ಒಳಗಿನ ಕಾಲ್‌ಬ್ಯಾಕ್, ಅಂದರೆ ಒಳಗಿನ ಫಾರ್‌ಈಚ್‌ಗೆ ನಾವು ಕೊಟ್ಟ ಫಂಕ್ಷನ್. ಅದು ಕೊಟ್ಟ ಮೌಲ್ಯವನ್ನು ಫಾರ್‌ಈಚ್ ನೋಡುವುದೇ ಇಲ್ಲ; ಪಡುಬಿದ್ರಿ ಸಿಕ್ಕ ಮೇಲೂ ಕಾಪು, ಕಟಪಾಡಿಗಳನ್ನು ಪರೀಕ್ಷಿಸಿ ಮುಂದಿನ ಮಾರ್ಗಕ್ಕೆ ಹೋಗುತ್ತದೆ. ಒಳಗಿನ ಫಾರ್‌ಈಚ್‌ನ ಹಿಂದೆ ಇನ್ನೊಂದು ರಿಟರ್ನ್ ಸೇರಿಸುವುದೂ ವ್ಯರ್ಥ, ಏಕೆಂದರೆ ಫಾರ್‌ಈಚ್ ಸ್ವತಃ ಯಾವಾಗಲೂ ಅನ್‌ಡಿಫೈನ್ಡ್ ಅನ್ನೇ ಕೊಡುತ್ತದೆ. ಕಾಲ್‌ಬ್ಯಾಕ್‌ನೊಳಗಿಂದ ಬ್ರೇಕ್ (break, ಲೂಪ್ ನಿಲ್ಲಿಸುವ ಪದ) ಹಾಕಿ ಫಾರ್‌ಈಚ್ ನಿಲ್ಲಿಸಲು ಹೊರಟರೆ ಸಿಂಟ್ಯಾಕ್ಸ್ ದೋಷ ಬರುತ್ತದೆ.

ಹೊರಗೊಂದು ವೇರಿಯಬಲ್ ಇಟ್ಟು ಒಳಗಿನಿಂದ ಅದನ್ನು ತುಂಬುವವರು ಬಹಳ ಮಂದಿ. ಉತ್ತರ ಬರುತ್ತದೆ, ನಿಜ. ಆದರೆ ಲೂಪ್ ನಿಲ್ಲುವುದಿಲ್ಲ. ಪಡುಬಿದ್ರಿಯಲ್ಲಿ ತಿರುಗಿ ಬೆಳ್ಮಣ್ಣಿನ ಮೂಲಕ ಕಾರ್ಕಳಕ್ಕೆ ಹೋಗುವ ಮಾರ್ಗವೂ ಪಟ್ಟಿಯಲ್ಲಿ ಮುಂದೆ ಇದ್ದರೆ, ಅಲ್ಲಿನ ಪಡುಬಿದ್ರಿಯ ವಿವರ ಮೊದಲಿನದನ್ನು ಅಳಿಸಿ ಕುಳಿತುಕೊಳ್ಳುತ್ತದೆ.

ನನ್ನ ಆಯ್ಕೆ ಜಾವಾಸ್ಕ್ರಿಪ್ಟ್‌ನ 2015ರ ಆವೃತ್ತಿಯಲ್ಲಿ ಬಂದ ಫಾರ್-ಆಫ್ (for...of) ಲೂಪ್. ಅದರಲ್ಲಿ ಕಾಲ್‌ಬ್ಯಾಕ್ ಇಲ್ಲವಾದ್ದರಿಂದ ಒಳಗೆ ಬರೆದ ರಿಟರ್ನ್ ಎರಡೂ ಲೂಪ್‌ಗಳನ್ನು ನಿಲ್ಲಿಸಿ, ಇಡೀ ಫಂಕ್ಷನ್ನಿನ ಉತ್ತರವಾಗಿಯೇ ಹೊರಬರುತ್ತದೆ. ಎರಡು ಲೂಪ್‌ಗಳನ್ನೂ ಬದಲಿಸಬೇಕು. ಹೊರಗಿನದನ್ನಷ್ಟೇ ಬದಲಿಸಿದರೆ ಹಳೆಯ ತೊಂದರೆ ಒಳಗೆ ಹಾಗೆಯೇ ಉಳಿಯುತ್ತದೆ. ಲೂಪ್‌ಗಳು ಮುಗಿದ ಬಳಿಕ ನಲ್ (null, ‘ಏನೂ ಇಲ್ಲ’ ಎಂಬ ಮೌಲ್ಯ) ಹಿಂದಿರುಗಿಸಿದರೆ, ನಿಲುಗಡೆ ಸಿಗಲಿಲ್ಲ ಎಂಬುದು ಓದುವವರಿಗೂ ಸ್ಪಷ್ಟವಾಗುತ್ತದೆ.

ಕಾಲ್‌ಬ್ಯಾಕ್ ‘ಹೌದು’ ಎಂದ ಮೊದಲ ಅಂಶವನ್ನು ಕೊಡುವ ಫೈಂಡ್ (find) ಬಳಸುವವರು ಒಂದು ವಿಷಯವನ್ನು ಗಮನಿಸಬೇಕು. ಫೈಂಡ್‌ನೊಳಗೆ ಫೈಂಡ್ ಬರೆದರೆ, ಒಳಗಿನದು ಕೊಟ್ಟ ನಿಲುಗಡೆಯನ್ನು ಹೊರಗಿನದು ಬರೀ ‘ಹೌದು’ ಎಂದು ತಿಳಿದುಕೊಂಡು ನಿಲುಗಡೆಯ ಬದಲು ಮಾರ್ಗವನ್ನೇ ಹಿಂದಿರುಗಿಸುತ್ತದೆ. ಮಾರ್ಗವೇ ಬೇಕಿದ್ದರೆ ಒಳಗೆ ಸಮ್ (some, ಒಂದಾದರೂ ಅಂಶ ಹೊಂದುತ್ತದೆಯೇ ಎಂದಷ್ಟೇ ಹೇಳುವುದು) ಸಾಕು. ನಿಲುಗಡೆ ಬೇಕಿದ್ದರೆ 2019ರಲ್ಲಿ ಸೇರಿದ ಫ್ಲ್ಯಾಟ್‌ಮ್ಯಾಪ್‌ನಿಂದ (flatMap) ನಿಲುಗಡೆಗಳನ್ನೆಲ್ಲ ಒಂದೇ ಅರೇಗೆ ತಂದು, ಅದರ ಮೇಲೆ ಫೈಂಡ್ ಓಡಿಸಬೇಕು. ಎರಡೂ ಮಾರ್ಗಗಳ ಪಡುಬಿದ್ರಿ ಬೇಕೆಂದಾದರೆ ಫೈಂಡ್‌ನ ಜಾಗದಲ್ಲಿ, ಹೊಂದುವ ಅಂಶಗಳನ್ನೆಲ್ಲ ಕೊಡುವ ಫಿಲ್ಟರ್ (filter) ಬರುತ್ತದೆ. ಆಗ ಯಾವ ನಿಲುಗಡೆ ಯಾವ ಮಾರ್ಗದ್ದು ಎಂಬುದು ಕಳೆದುಹೋಗದಂತೆ, ಫ್ಲ್ಯಾಟ್‌ಮ್ಯಾಪ್‌ನ ಕಾಲ್‌ಬ್ಯಾಕ್‌ನಲ್ಲಿಯೇ ಪ್ರತಿ ನಿಲುಗಡೆಗೂ ಮಾರ್ಗದ ಹೆಸರನ್ನು ಸೇರಿಸಿಡಿ.

ನಿಲುಗಡೆಗಳ ಪಟ್ಟಿ ಸರ್ವರ್‌ನಿಂದ ಬರುವುದಾದರೆ ಫಾರ್-ಆಫ್ ಒಳಗೆ ಅವೇಟ್ (await, ಉತ್ತರ ಬರುವವರೆಗೆ ಕಾಯಿಸುವ ಪದ) ಬರೆಯುವುದೇ ಸುರಕ್ಷಿತ. ಫಾರ್‌ಈಚ್ ಅಸಿಂಕ್ (async, ಉತ್ತರವನ್ನು ಆಮೇಲೆ ಕೊಡುವ) ಕಾಲ್‌ಬ್ಯಾಕ್‌ಗೆ ಕಾಯುವುದಿಲ್ಲ. ಫೈಂಡ್‌ಗೆ ಅಸಿಂಕ್ ಕಾಲ್‌ಬ್ಯಾಕ್ ಕೊಟ್ಟರಂತೂ, ಆ ಕಾಲ್‌ಬ್ಯಾಕ್ ಕೊಡುವ ಪ್ರಾಮಿಸ್ (ಮುಂದೆ ಬರಲಿರುವ ಉತ್ತರವನ್ನು ಪ್ರತಿನಿಧಿಸುವ ವಸ್ತು) ಯಾವಾಗಲೂ ‘ಹೌದು’ ಎಂದೇ ಎಣಿಕೆಯಾಗುವುದರಿಂದ, ಯಾವ ಊರನ್ನು ಹುಡುಕಿದರೂ ಪಟ್ಟಿಯ ಮೊದಲ ಅಂಶವೇ ಕೈಗೆ ಬರುತ್ತದೆ.