ಸ್ಪಂಜಿನಲ್ಲಿ ಹಿಡಿದ ಗಾಳಿ: ಕಿಟಿಮ್ಯಾಟ್‌ನಲ್ಲಿ ಪಿಎಎಚ್ ಅಳೆದ ಅನುಭವ

ಕೆನಡಾದ ಪಶ್ಚಿಮ ಕರಾವಳಿಯಲ್ಲಿ ಕಿಟಿಮ್ಯಾಟ್ ಅಂತ ಒಂದು ಊರಿದೆ. ಸಮುದ್ರ ಬೆಟ್ಟಗಳ ನಡುವೆ ತೋಳಿನ ಹಾಗೆ ಒಳಗೆ ಬರುತ್ತದೆ. ಆ ತುದಿಯಲ್ಲಿ 1954ರಿಂದ ಅಲ್ಯೂಮಿನಿಯಂ ತಯಾರಾಗುತ್ತಿದೆ. ಅಲ್ಲಿನ ಗಾಳಿಯಲ್ಲಿ ಪಿಎಎಚ್ ಎಷ್ಟಿದೆ ಅಂತ ಅಳೆಯಲು ನಾನು ಹೋದದ್ದು 2014ರ ಬೇಸಿಗೆಯಲ್ಲಿ.

ಪಿಎಎಚ್ ಅಂದರೆ ಬೆಂಜೀನ್ ಉಂಗುರಗಳು ಒಂದಕ್ಕೊಂದು ಅಂಟಿಕೊಂಡ ಹೈಡ್ರೋಕಾರ್ಬನ್‌ಗಳು. ನಮಗೇನೂ ಹೊಸದಲ್ಲ. ಬೀರುವಿನಲ್ಲಿಡುವ ನುಸಿಗುಳಿಗೆಯ ನಾಫ್ತಲೀನ್ ಎರಡು ಉಂಗುರದ್ದು. ಬಚ್ಚಲ ಒಲೆಯ ಮಸಿಯಲ್ಲಿ ಐದು ಉಂಗುರದ ಬೆಂಜೊ-ಎ-ಪೈರೀನ್ ಇರುತ್ತದೆ. ಅದು ಕ್ಯಾನ್ಸರ್ ತರುತ್ತದೆ ಅನ್ನುವುದರಲ್ಲಿ ಅನುಮಾನವಿಲ್ಲ.

ಆಗಿನ್ನೂ ಅಲ್ಲಿ ಹಳೆಯ ಸೋಡರ್‌ಬರ್ಗ್ ಪದ್ಧತಿ. ಪೆಟ್ರೋಲಿಯಂ ಕೋಕ್‌ಗೆ ಕಲ್ಲಿದ್ದಲ ಟಾರಿನ ಪಿಚ್ ಅನ್ನುವ ಅಂಟು ಕಲಸಿ ಮೇಲಿಂದ ತುಂಬುತ್ತಾರೆ. ಕೆಳಗೆ ಅಲ್ಯೂಮಿನಿಯಂ ತಯಾರಾಗುವ ಪಾಟ್‌ನಲ್ಲಿ ಸುಮಾರು 950 ಡಿಗ್ರಿ ಬಿಸಿ. ಆ ಬಿಸಿಗೆ ಆನೋಡ್, ಅಂದರೆ ಪಾಟ್‌ಗೆ ಕರೆಂಟ್ ಒಯ್ಯುವ ಇಂಗಾಲದ ದಿಂಡು, ಅಲ್ಲೇ ಬೇಯುತ್ತದೆ. ಹಾಗೆ ಬೇಯುವಾಗ ಪಿಚ್‌ನಿಂದ ಏಳುವ ಹೊಗೆಯ ಹಿಂದೆಯೇ ನಾವು ಬಿದ್ದಿದ್ದೆವು.

ಹೆಚ್ಚಿನ ಕಡೆ ನಾವು ಇಟ್ಟದ್ದು ಪಂಪ್ ಇಲ್ಲದ ಸಾಧನ. ಎರಡು ಸ್ಟೀಲ್ ಬೋಗುಣಿಗಳನ್ನು ಎದುರುಬದುರು ಕವುಚಿದ ಹಾಗೆ ಇರುತ್ತದೆ. ನಡುವೆ ಅಂಗೈ ಅಗಲದ ಪಾಲಿಯುರೆಥೇನ್ ಸ್ಪಂಜಿನ ಬಿಲ್ಲೆ. ಕಂಬಕ್ಕೆ ಕಟ್ಟಿ ಮೂರು ತಿಂಗಳು ಬಿಟ್ಟರೆ ದಿನಕ್ಕೆ ಸುಮಾರು 4 ಘನ ಮೀಟರ್ ಗಾಳಿಯ ಲೆಕ್ಕದಲ್ಲಿ ಹೀರಿಕೊಳ್ಳುತ್ತದೆ. ಕರೆಂಟ್ ಬೇಡ, ಕಾವಲು ಬೇಡ, ಕಾಡಿನಲ್ಲೂ ನಡೆಯುತ್ತದೆ. ಆದರೆ ಇದು ಚೆನ್ನಾಗಿ ಹಿಡಿಯುವುದು ಆವಿಯನ್ನು, ಅಂದರೆ ಫೀನಾಂಥ್ರೀನ್‌ನಂಥ ಮೂರು ಉಂಗುರದವನ್ನು. ಬೆಂಜೊ-ಎ-ಪೈರೀನ್ ಹೆಚ್ಚಾಗಿ ಧೂಳಿನ ಕಣಕ್ಕೆ ಅಂಟಿಕೊಂಡಿರುತ್ತದೆ. ಅದರ ವಿಷಯದಲ್ಲಿ ಬೋಗುಣಿಯ ಲೆಕ್ಕವನ್ನು ನಾನು ನಂಬುವುದಿಲ್ಲ. ಅದಕ್ಕೇ ಒಂದು ಜಾಗದಲ್ಲಿ ಪಕ್ಕದಲ್ಲೇ ಪಂಪ್ ಇಟ್ಟೆವು. ಅದು 24 ಗಂಟೆಯಲ್ಲಿ 300 ಘನ ಮೀಟರ್‌ಗೂ ಜಾಸ್ತಿ ಗಾಳಿ ಎಳೆಯುತ್ತದೆ. ಮೊದಲು ಕ್ವಾರ್ಟ್ಜ್ ಫಿಲ್ಟರ್, ಅದರ ಕೆಳಗೆ ಸ್ಪಂಜು. ಹಾಕುವಾಗ ಫಿಲ್ಟರ್ ಅಚ್ಚ ಬಿಳಿ. ಮಾರನೇ ದಿನ ಚಿಮುಟದಲ್ಲಿ ಎತ್ತಿದರೆ ನಡುವೆ ಬೂದು ಬಣ್ಣದ ದುಂಡು ಗುರುತು, ಅಂಚು ಮಾತ್ರ ಬಿಳಿ. ಬಿಸಿಲು ತಾಗಿದರೆ ಪಿಎಎಚ್ ಒಡೆದುಹೋಗುತ್ತದೆ ಅಂತ ಕೂಡಲೇ ಫಾಯಿಲ್‌ನಲ್ಲಿ ಸುತ್ತಿ ಐಸ್ ಡಬ್ಬಿಗೆ ಹಾಕುತ್ತಿದ್ದೆ.

ಮೊದಲ ಸುತ್ತು ಪೂರ್ತಿ ಹಾಳಾಯಿತು. ಪ್ರತಿ ಸಲ ಒಂದು ಬ್ಲ್ಯಾಂಕ್ ಒಯ್ಯಬೇಕು. ಅಂದರೆ ಜಾಗಕ್ಕೆ ಹೋಗಿ, ಸ್ಪಂಜಿನ ಜಾಡಿ ತೆರೆದು, ಒಂದು ನಿಮಿಷ ಬಿಟ್ಟು, ಮುಚ್ಚಿ ವಾಪಸ್ ತರುವುದು. ಅದು ಹೆಚ್ಚುಕಮ್ಮಿ ಖಾಲಿ ಬರಬೇಕು. ಆ ಬ್ಲ್ಯಾಂಕ್‌ನಲ್ಲೇ ಫೀನಾಂಥ್ರೀನ್ ಸ್ಯಾಂಪಲ್‌ಗಳಷ್ಟೇ ಬಂತು. ಎರಡು ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ನೆನಪಾಯಿತು: ದಾರಿಗೆ ಬಿದ್ದ ಮರ ಕತ್ತರಿಸಲು ಗರಗಸ ಯಂತ್ರ ಒಯ್ದಿದ್ದೆವು. ಅದರ ಪೆಟ್ರೋಲ್ ಮತ್ತು ಎಣ್ಣೆ ಕ್ಯಾನ್ ಜಾಡಿಗಳ ಪಕ್ಕದಲ್ಲೇ ಇತ್ತು. ಎಂಟು ಬಿಲ್ಲೆಗಳ ಮೂರು ತಿಂಗಳ ದುಡಿಮೆಯನ್ನು ಬಿಟ್ಟುಬಿಟ್ಟೆ. ಬ್ಲ್ಯಾಂಕ್ ಕಳೆದು ಹೇಗೋ ಅಂಕಿ ಉಳಿಸಿಕೊಳ್ಳೋಣ ಅಂತ ಜೊತೆಯವರು ಹೇಳಿದರು. ನಾನು ಒಪ್ಪಲಿಲ್ಲ. ಆ ಅಂಕಿ ನೋಡಿ ಯಾರೋ ತಮ್ಮ ಮಕ್ಕಳನ್ನು ಅಂಗಳಕ್ಕೆ ಬಿಡುವುದೋ ಬೇಡವೋ ಅಂತ ತೀರ್ಮಾನ ಮಾಡುತ್ತಾರೆ, ಅಲ್ವಾ?

ಆಮೇಲೆ ಗಾಳಿಯ ದಿಕ್ಕು. ಬೇಸಿಗೆಯಲ್ಲಿ ಗಾಳಿ ಸಮುದ್ರದ ಕಡೆಯಿಂದ ಕಣಿವೆ ಏರಿ ಉತ್ತರಕ್ಕೆ, ಪಟ್ಟಣದ ಮನೆಗಳ ಕಡೆ ಬೀಸುತ್ತದೆ. ನಮ್ಮ ಕಂಬಗಳೂ ಆ ಸಾಲಿನಲ್ಲೇ ಇದ್ದವು. ಕಾರ್ಖಾನೆ ಹತ್ತಿರ ಅತಿ ಹೆಚ್ಚು, ದೂರ ಹೋದಂತೆ ಬೇಗ ಇಳಿಕೆ. ಮುಂದಿನ ಸುತ್ತಿನಲ್ಲಿ ನಕ್ಷೆ ಚೊಕ್ಕವಾಗಿ ಬಂತು. ಆದರೆ ದಕ್ಷಿಣದಲ್ಲಿ, ನೀರಿನ ದಡದಲ್ಲಿ, ಅಲ್ಲಿನ ಮೂಲನಿವಾಸಿಗಳಾದ ಹೈಸ್ಲಾ ಜನರ ಹಳ್ಳಿ ಇದೆ. ಅಲ್ಲಿನ ಒಬ್ಬ ಅಜ್ಜಿ ಕೇಳಿದರು: "ಚಳಿಗಾಲದಲ್ಲಿ ಗಾಳಿ ನಮ್ಮ ಕಡೆ ತಿರುಗುತ್ತೆ. ಆಗ ನೀವು ಇರ್ತೀರಾ?"

ಜನವರಿಯಲ್ಲಿ ಮತ್ತೆ ಹೋದೆವು. ಚಳಿಗಾಲದಲ್ಲಿ ಮನೆಮನೆಯಲ್ಲೂ ಸೌದೆ ಒಲೆ ಉರಿಯುತ್ತದೆ. ಅದರ ಹೊಗೆಯಲ್ಲೂ ಪಿಎಎಚ್ ಇದೆ. ಹಾಗಾಗಿ ರೀಟೀನ್ ಅನ್ನುವ ಇನ್ನೊಂದು ಪಿಎಎಚ್ ಅನ್ನೂ ಪಟ್ಟಿಗೆ ಸೇರಿಸಿದೆವು. ಪೈನ್ ಜಾತಿಯ ಸೌದೆ ಸುಟ್ಟಾಗ ಅದು ಎದ್ದು ಕಾಣುತ್ತದೆ, ಒಲೆಯ ಪಾಲನ್ನು ಬೇರ್ಪಡಿಸಲು ನೆರವಾಗುತ್ತದೆ. 2015ರಲ್ಲಿ ಕಾರ್ಖಾನೆ ಮೊದಲೇ ಬೇಯಿಸಿದ ಆನೋಡ್‌ಗೆ ಬದಲಾಯಿತು. ಹಳೆಯ ಪದ್ಧತಿಯಲ್ಲಿ ಆ ಹಳ್ಳಿಯ ಚಳಿಗಾಲ ಅಳೆಯಲು ನಮಗೆ ಸಿಕ್ಕಿದ್ದು ಅದೊಂದೇ ಅವಕಾಶ. ಬೋಗುಣಿಯನ್ನು ಅಜ್ಜಿಯ ಮನೆಯ ಒಲೆ ಕೊಳವೆಯಿಂದ ಸಾಕಷ್ಟು ದೂರ, ನೀರಿನ ಬದಿಯ ಕಂಬಕ್ಕೆ ಕಟ್ಟಿದೆವು. ಗರಗಸದ ಕ್ಯಾನ್ ಬೇರೆ ಗಾಡಿಯಲ್ಲಿ ಬಂದಿತ್ತು.