ಡಿಜಿಟಲ್ ಫೋಟೋಗೆ ಫಿಲ್ಮ್ ಕಳೆ ಬರಬೇಕಾದರೆ

ಗ್ರೇನ್, ಅಂದರೆ ಫಿಲ್ಮ್ ಫೋಟೋದಲ್ಲಿ ಕಾಣುವ ಸಣ್ಣ ಕಾಳಿನಂಥ ಚುಕ್ಕೆಗಳನ್ನು ಹಾಕೋದು ಕೊನೆಯ ಕೆಲಸ, ಮೊದಲು ಬೆಳಕು ನೋಡಿ. ಕಲರ್ ನೆಗೆಟಿವ್ ಫಿಲ್ಮ್‌ನಲ್ಲಿ ಪ್ರಖರ ಬೆಳಕು ಮೆಲ್ಲಗೆ ಕರಗುತ್ತದೆ. ಡಿಜಿಟಲ್‌ನಲ್ಲಿ ಥಟ್ಟನೆ ಬೆಳ್ಳಗಾಗಿ ವಿವರವೇ ಹೋಗುತ್ತದೆ, ಅಲ್ವಾ? ಅದಕ್ಕೇ ರಾ ಫೈಲ್‌ನಲ್ಲಿ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಫೈಲ್), ಎಕ್ಸ್‌ಪೋಷರ್ (ಒಳಗೆ ಬಿಡುವ ಬೆಳಕು) ಸ್ವಲ್ಪ ಕಡಿಮೆ ಇಟ್ಟು ತೆಗೆಯಿರಿ.

ಆಮೇಲೆ ಡಾರ್ಕ್‌ಟೇಬಲ್ ಅನ್ನೋ ಫೋಟೋ ಎಡಿಟಿಂಗ್ ಸಾಫ್ಟ್‌ವೇರ್ ತೆರೆಯಿರಿ, ಉಚಿತವಾಗಿ ಸಿಗುತ್ತದೆ. ಬೆಳಕು-ನೆರಳು ಹೊಂದಿಸುವ ಗೆರೆಯಾದ ಟೋನ್ ಕರ್ವ್‌ನ ಮೇಲಿನ ತುದಿಯನ್ನು ಸ್ವಲ್ಪ ಬಗ್ಗಿಸಿ, ಕೆಳಗಿನ ತುದಿಯನ್ನು ಕೂದಲೆಳೆಯಷ್ಟು ಎತ್ತಿ. ಅಪ್ಪಟ ಕಪ್ಪು ಹೋಗಿ ನೆರಳು ಮೆತ್ತಗಾಗುತ್ತದೆ. ಶಾರ್ಪನಿಂಗ್ ಇಳಿಸಿ. ಇದನ್ನು ತುಂಬಾ ಜನ ಮರೆಯುತ್ತಾರೆ, ಚೂಪಾದ ಅಂಚೇ ಡಿಜಿಟಲ್ ಅಂತ ಹೇಳಿಬಿಡುತ್ತದೆ. ಗ್ರೇನನ್ನು 100% ಝೂಮ್‌ನಲ್ಲಿ ನೋಡಿಯೇ ಹಾಕಿ. ಕೆನ್ನೆ, ಗೋಡೆಯಂಥ ಕಡೆ ಕಾಣಲಿ, ಬೆಳ್ಳನೆ ಆಕಾಶದಲ್ಲಿ ಜಾಸ್ತಿ ಬೇಡ.

ಸಿದ್ಧ ಬಣ್ಣಗಳು ಬೇಕಾದರೆ ರಾಥೆರಪಿ ಅನ್ನೋ ಇನ್ನೊಂದು ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಫಿಲ್ಮ್ ಸಿಮ್ಯುಲೇಷನ್ (ಫಿಲ್ಮ್‌ಗಳ ಬಣ್ಣವನ್ನು ಅನುಕರಿಸುವ ಸೌಲಭ್ಯ) ಇದೆ. ಅದರ ಫೈಲ್‌ಗಳನ್ನು ಬೇರೆಯಾಗಿ ಡೌನ್‌ಲೋಡ್ ಮಾಡಿಕೊಳ್ಳಬೇಕು.