ಮರದ ಮೇಲೆ ಹಗ್ಗದಾಟ: ಮಕ್ಕಳನ್ನು ಹತ್ತಿಸುವ ಮುಂಚೆ

ಬೇಸಿಗೆ ರಜೆ ಬಂತೆಂದರೆ ಹುಬ್ಬಳ್ಳಿ, ಧಾರವಾಡದ ಅಕ್ಕ-ತಂಗಿಯರ ಮಕ್ಕಳೆಲ್ಲ ಪುಣೆಗೆ ಬಂದಿಳಿಯುತ್ತಾರೆ. ಶನಿವಾರವಾಡಾ, ಸಿಂಹಗಡ ಮುಗಿಯುತ್ತಿದ್ದಂತೆ ಲೋಣಾವಳ ಕಡೆ ಹಗ್ಗದ ಸೇತುವೆ, ತೂಗಾಡುವ ಹಲಗೆ, ಜಿಪ್‌ಲೈನ್ (ತಂತಿಗೆ ನೇತುಬಿದ್ದು ಜಾರುವ ಆಟ) ಇರುವ ಅಡ್ವೆಂಚರ್ ಪಾರ್ಕ್ ಬೇಕು ಎಂದು ಹಟ. ಅಲ್ಲಿ ಮಕ್ಕಳಿಗಿಂತ ದೊಡ್ಡವರೇ ಜಾಸ್ತಿ ಎಡವಟ್ಟು ಮಾಡುತ್ತಾರೆ.

ದಿನ ಆರಿಸುವುದು ಸುಲಭ: ವಾರದ ನಡುವೆ, ಬೆಳಿಗ್ಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಮಳೆಗೆ ಹಲಗೆ ಜಾರುತ್ತದೆ, ಸುಮ್ನೆ ಬಿಡಿ.

ಫೋನ್ ಮಾಡಿದಾಗ ವಯಸ್ಸಿನ ಮಿತಿ ಮಾತ್ರ ಕೇಳಿ ಇಟ್ಟುಬಿಡಬೇಡಿ. ಎತ್ತರ, ತೂಕ ಕೇಳಿ. ಮರದ ಅಟ್ಟಣಿಗೆಯ ಮೇಲೆ ನಿಂತ ಮಗು ಕೈ ಚಾಚಿದರೆ ಹುಕ್ ಸಿಗಿಸುವ ಸುರಕ್ಷತೆಯ ತಂತಿ ಸಿಗಬೇಕು. ಮೈಗೆ ಕಟ್ಟುವ ಪಟ್ಟಿಯನ್ನು (ಹಾರ್ನೆಸ್) ಆ ತಂತಿಗೆ ಸಿಗಿಸುವ ಹುಕ್ ಯಾವ ಥರದ್ದು ಅಂತಲೂ ಕೇಳಿ. ಕೆಲವು ಕಡೆ ಶುರುವಿನಲ್ಲಿ ಹಾಕಿದ ಹುಕ್ಕನ್ನು ಕೊನೆತನಕ ತೆಗೆಯಲಿಕ್ಕೇ ಬರುವುದಿಲ್ಲ. ಚಿಕ್ಕ ಮಕ್ಕಳಿಗೆ ಅದೇ ಸರಿ, ದುಡ್ಡು ಸ್ವಲ್ಪ ಜಾಸ್ತಿಯಾದರೂ.

ಬಟ್ಟೆ: ಪೂರ್ತಿ ಪ್ಯಾಂಟು, ಲೇಸ್ ಇರುವ ಶೂ, ಬಿಗಿ ಜಡೆ. ಕ್ರಾಕ್ಸ್ ಬೇಡ. ಚುಕ್ಕಿ ಚುಕ್ಕಿ ರಬ್ಬರಿನ ಅಗ್ಗದ ಗ್ಲೌಸ್ ಕೈಯೊಳಗೆ ತಿರುಗುತ್ತದೆ, ಸೈಕಲ್ ಗ್ಲೌಸ್ ಒಳ್ಳೆಯದು. ಕೀಚೈನ್‌ಗೆಂದು ಮಾರುವ ಬಣ್ಣದ ಹುಕ್ಕನ್ನು ಹಾರ್ನೆಸ್‌ಗೆ ಸಿಗಿಸಿಕೊಳ್ಳುವ ಮಕ್ಕಳಿದ್ದಾರೆ. ಕಿತ್ತು ಜೇಬಿಗೆ ಹಾಕಿ, ಅದು ಭಾರ ಹೊರುವುದಲ್ಲ.

ಈಗ ಹಾರ್ನೆಸ್. ಮೊದಲು ಎಲ್ಲರನ್ನೂ ಟಾಯ್ಲೆಟ್‌ಗೆ ಕಳಿಸಿ. ಕಟ್ಟಿದ ಮೇಲೆ ಹೋದರೆ ಬಿಚ್ಚಬೇಕು, ಮತ್ತೆ ಕಟ್ಟುವಾಗ ಯಾರೂ ಸರಿಯಾಗಿ ನೋಡುವುದಿಲ್ಲ. ಸೊಂಟದ ಪಟ್ಟಿ ಪ್ಯಾಂಟಿನ ಬೆಲ್ಟ್ ಇರುವ ಜಾಗದಲ್ಲಲ್ಲ, ಸೊಂಟದ ಮೂಳೆಗಿಂತ ಮೇಲೆ ಕೂರಬೇಕು. ಕೆಳಕ್ಕೆ ಎಳೆದು ನೋಡಿ, ಮೂಳೆ ದಾಟಿ ಜಾರಿದರೆ ಇನ್ನೂ ಬಿಗಿ ಮಾಡಿಸಿ. ತೊಡೆಯ ಪಟ್ಟಿಯೊಳಗೆ ಅಂಗೈ ಚಪ್ಪಟೆಯಾಗಿ ತೂರಿದರೆ ಸಾಕು, ಮುಷ್ಟಿ ತೂರಬಾರದು. ಪಟ್ಟಿ ಎಲ್ಲೂ ತಿರುಚಿರಬಾರದು. ಸಣ್ಣ ಮಕ್ಕಳಿಗೆ ಸೊಂಟವೇ ಇರುವುದಿಲ್ಲ, ಅಲ್ವಾ? ತಲೆಕೆಳಗಾದರೆ ಬರೀ ಸೊಂಟದ ಪಟ್ಟಿ ಜಾರಿಬಿಡಬಹುದು. ಅವರಿಗೆ ಭುಜದ ಮೇಲೂ ಬರುವ ಹಾರ್ನೆಸ್ಸೇ ಬೇಕು. ಇಲ್ಲವೆಂದರೆ ಹತ್ತಿಸಬೇಡಿ, ವಾದವೂ ಬೇಡ.

ಎರಡು ಹುಕ್ಕನ್ನು ಮಗುವೇ ಬದಲಾಯಿಸಿಕೊಳ್ಳುವ ಪಾರ್ಕಾದರೆ ಹೆಚ್ಚಿನ ಎಡವಟ್ಟು ಆಗುವುದು ಅಟ್ಟಣಿಗೆಯ ಮೇಲೆ, ಒಂದು ತಂತಿಯಿಂದ ಇನ್ನೊಂದಕ್ಕೆ ಬದಲಾಯಿಸುವಾಗ. ಮಗುವಿಗೆ ಅವಸರ, ಎರಡನ್ನೂ ಒಟ್ಟಿಗೆ ಬಿಚ್ಚುತ್ತದೆ. ನಿಯಮ ಒಂದೇ: ಒಂದು ಹುಕ್ ಯಾವಾಗಲೂ ತಂತಿಯಲ್ಲೇ ಇರಬೇಕು. ಇದನ್ನು ಮನೆಯಲ್ಲೇ ಕಲಿಸಿ. ಬಟ್ಟೆ ಒಣಹಾಕುವ ಎರಡು ಹಗ್ಗ, ಎರಡು ಹ್ಯಾಂಗರ್ ಸಾಕು. ಎಡಗೈಯದು ಮೊದಲು ಹೊಸ ಹಗ್ಗಕ್ಕೆ, ಅದನ್ನು ಎಳೆದು ನೋಡಿದ ಮೇಲೆ ಬಲಗೈಯದು. ಬಾಯಿ ಬಿಟ್ಟು ಹೇಳಿಸಿ: ‘ಒಂದು ಹಾಕಿದೆ, ಎಳೆದೆ, ಈಗ ಎರಡನೇದು.’ ಪಾರ್ಕಿನವರು ಮರಾಠಿ, ಹಿಂದಿಯಲ್ಲಿ ಗಡಬಡಿಸಿ ಹೇಳುತ್ತಾರೆ. ಊರಿಂದ ಬಂದ ಮಕ್ಕಳು ಅರ್ಥವಾದಂತೆ ತಲೆಯಾಡಿಸುತ್ತಾರೆ ಅಷ್ಟೇ. ಪಾರ್ಕಿನಲ್ಲಿ ನೆಲಮಟ್ಟದ ಅಭ್ಯಾಸದ ತಂತಿ ಇರುತ್ತದೆ. ಸರದಿ ಉದ್ದ ಇದೆ ಎಂದು ಅದನ್ನು ಹಾರಿಸಬೇಡಿ. ಮೇಲೆ ದೊಡ್ಡವರು ಸಣ್ಣವರ ಹಿಂದೆಯೇ ಇರಬೇಕು. ಮುಂದೆ ಹೋದವರಿಗೆ ಹಿಂದಿನ ಹುಕ್ ಕಾಣುವುದಿಲ್ಲ.

ಅಭ್ಯಾಸದ ತಂತಿಯಲ್ಲೇ ಇನ್ನೊಂದು ಕೆಲಸ: ಕಾಲು ಮಡಚಿ, ಕೈ ಬಿಟ್ಟು, ಹಾರ್ನೆಸ್‌ನಲ್ಲಿ ಕೂರಲು ಹೇಳಿ. ಬಿದ್ದರೆ ಹಿಡಿಯುತ್ತದೆ ಎಂದು ಮೈಗೆ ಗೊತ್ತಾಗಬೇಕು. ಸೇತುವೆಯ ನಡುವೆ ಹೆದರಿ ನಿಂತ ಮಗುವಿಗೂ ಇದನ್ನೇ ಹೇಳುವುದು: ‘ಕೂತ್ಕೋ ಪುಟ್ಟಾ, ಉಸಿರು ತಗೋ, ಮುಂದಿನ ಹಲಗೆ ಮಾತ್ರ ನೋಡು.’ ಹೇಳುವವರು ಒಬ್ಬರೇ ಇರಲಿ. ಅಪ್ಪ ‘ಬಾ ಬಾ’ ಅಂತ, ಅಜ್ಜಿ ‘ಬೇಡ ಇಳಿ’ ಅಂತ, ಮಾಮ ಮೊಬೈಲ್ ಹಿಡಿದು ‘ಇಲ್ಲಿ ನೋಡು’ ಅಂತ ಕೆಳಗಿಂದ ಕೂಗಿದರೆ ಅದು ಅಲುಗುವುದೇ ಇಲ್ಲ. ಆಗ ಸಿಬ್ಬಂದಿಯನ್ನು ಕರೆಯಿರಿ, ಅವರು ಇಳಿಸುತ್ತಾರೆ. ಬಹಳ ಹೊತ್ತು ಅಲುಗದೆ ನೇತಾಡಲು ಬಿಡಬಾರದು, ಕಾಲಲ್ಲಿ ರಕ್ತ ನಿಲ್ಲುತ್ತದೆ.

ಜಿಪ್‌ಲೈನ್‌ನಲ್ಲಿ ತಂತಿಯ ಮೇಲೆ ಉರುಳುವ ರಾಟೆಯ ಮುಂದೆ ತಂತಿ ಮುಟ್ಟಬಾರದು, ಹಾರ್ನೆಸ್‌ನಿಂದ ರಾಟೆಗೆ ಹೋಗುವ ಪಟ್ಟಿ ಹಿಡಿದರೆ ಸಾಕು. ಕೊನೆಯಲ್ಲಿ ಕಾಲು ಮುಂದಕ್ಕೆ.

ಇಳಿದ ಮೇಲೆ ವಡಾಪಾವ್. ಹತ್ತುವ ಮುಂಚೆ ಬೇಡವೇ ಬೇಡ.